ಉಜ್ಜಬಾರದಿದ್ದ ಗಡಿಯಾರ

ಗಡಿಯಾರವನ್ನು ತಟ್ಟೆಗೆ ಹಾಕಿದವಳು ಜೋಸಿಯಾನಳೇ. ಅದನ್ನು ಅವಳು ಯಾವತ್ತೂ ಮುಚ್ಚಿಡಲಿಲ್ಲ. ಆದರೂ ಮುಂದಿನ ವಾರಗಳಲ್ಲಿ ಗಂಡನಾಗಲಿ ಅಪ್ಪನಾಗಲಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಡಿಯಾರದ ಕಾರ್ಖಾನೆಗಳ ಬೆಟ್ಟದೂರು ಲಾ ಶೋ-ದ-ಫೋನ್‌ನಲ್ಲಿ ಹಿಮ ಬಿದ್ದು ಕರಗದೆ ನಿಂತಿತೆಂದರೆ ಅವಳ ಅಪ್ಪ ವಿಲ್ಲಿ ಮನೆಯವರ ಗಡಿಯಾರಗಳನ್ನೆಲ್ಲ ಒಟ್ಟುಮಾಡುತ್ತಿದ್ದ. ಬಿಸ್ಕತ್ತು ಡಬ್ಬದ ಮುಚ್ಚಳಕ್ಕೆ ಫ್ಲಾನೆಲ್ ಬಟ್ಟೆ ಹಾಸಿ, ಅದನ್ನೇ ತಟ್ಟೆ ಮಾಡಿಕೊಂಡು, ಅಡುಗೆಮನೆಯ ಮೇಜಿನ ಮೇಲಿಡುತ್ತಿದ್ದ. ಜೋಸಿಯಾನಳ ಮದುವೆಯ ಗಡಿಯಾರ, ಮೊಮ್ಮಗಳು ಲೋರಿಯಾನಳದು, ತೀರಿಕೊಂಡ ಹೆಂಡತಿಯದು, ಕೆಳಗಿನ ಮನೆಯ ವಿಧವೆಯದೂ ಸಹ ಅದರಲ್ಲಿ ಬಂದು ಬೀಳುತ್ತಿದ್ದವು. ಅವನ್ನು ನೆಲಮಾಳಿಗೆಗೆ ಒಯ್ದು, ಯಂತ್ರ ಬಿಚ್ಚಿ ಬೇರೆ ಇಟ್ಟು, ಕವಚಗಳನ್ನು ಉಜ್ಜಿ, ಈಗತಾನೆ ಅಂಗಡಿಯಿಂದ ಬಂದ ಹಾಗೆ ಮಾಡಿ ಸಂಜೆಯ ಊಟಕ್ಕೆ ಮೊದಲು ತಂದಿಡುತ್ತಿದ್ದ. ಗಡಿಯಾರದ ಕವಚಗಳಿಗೆ ಹೊಳಪು ಕೊಡುವುದೇ ಅವನು ಜೀವಮಾನವಿಡೀ ಮಾಡಿದ ಕೆಲಸ. ಕಾರ್ಖಾನೆ ಮುಚ್ಚಿದ ದಿನ ತನ್ನ ಮೋಟರನ್ನೂ ಉಜ್ಜುವ ಚಕ್ರವನ್ನೂ ಮಗಳ ಜಾರುಬಂಡಿಯ ಮೇಲಿಟ್ಟು ಮನೆಗೆ ಎಳೆದು ತಂದಿದ್ದ. ಗೀರು ಬಿದ್ದ ಗಡಿಯಾರ ಕಟ್ಟಿಕೊಂಡು ಹೊಸ ವರ್ಷದ ಊಟಕ್ಕೆ ಕೂರುವುದೂ ಕೊಳೆ ಅಂಗಿ ಹಾಕಿಕೊಂಡು ಕೂರುವುದೂ ಅವನಿಗೆ ಒಂದೇ.

ಅಳಿಯ ಬ್ಲೇಜ್ ಮಾತ್ರ ತನ್ನ ಗಡಿಯಾರಗಳನ್ನು ಆ ತಟ್ಟೆಗೆ ಎಂದೂ ಹಾಕಿದವನಲ್ಲ. ಬ್ಲೇಜ್ ಕಟ್ಟುಹಲ್ಲು ತಯಾರಿಸುವವನು. ಮಾವನ ಬಾಯಲ್ಲಿದ್ದ ಹಲ್ಲುಗಳೂ ಅವನು ಮಾಡಿದವೇ. ಸಂಪಾದನೆಯಲ್ಲಿ ಮಿಕ್ಕಿದ್ದೆಲ್ಲ ಗಡಿಯಾರಗಳಿಗೆ ಹೋಗುತ್ತಿತ್ತು. ಆಟೋಟದ ಗಡಿಯಾರಗಳು: ಸಮುದ್ರದಲ್ಲಿ ಮುಳುಗುವವರಿಗೆ, ಕಾರು ಓಡಿಸುವವರಿಗೆ, ಪರ್ವತ ಹತ್ತುವವರಿಗೆ ಎಂದು ಬೆರಳೆಣಿಕೆಯಷ್ಟು ಮಾತ್ರ ತಯಾರಾದ ಉಕ್ಕಿನ ಗಡಿಯಾರಗಳು. ಅವು ಮಲಗುವ ಕೋಣೆಯ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿದ್ದವು. ಅವನ ಮಣಿಕಟ್ಟಿನ ಮೇಲೆ ಇರುತ್ತಿದ್ದದ್ದು ಪೆಟ್ರೋಲ್ ಬಂಕಿನವರು ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ಗಡಿಯಾರ.

ಆ ಶರತ್ಕಾಲದಲ್ಲಿ ಅವನಿಗೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡ ಬೇಟೆ. ಹಾಯಿದೋಣಿಯ ಪಂದ್ಯಗಳಿಗೆಂದು ಇದೇ ಊರಿನ ಒಂದು ಸಣ್ಣ ಕಾರ್ಖಾನೆ ಅದನ್ನು ಎಪ್ಪತ್ತರ ದಶಕದಲ್ಲಿ ಮಾಡಿ, ಆಮೇಲೆ ತಾನೇ ಮುಚ್ಚಿಹೋಗಿತ್ತು. ಲೋರಿಯಾನಳ ಹಾಲುಹಲ್ಲು ಬೀಳುತ್ತಿದ್ದ ಕಾಲದಿಂದ ಅವನು ಹುಡುಕುತ್ತಿದ್ದ ಗಡಿಯಾರ ಅದು. ಕೊನೆಗೆ ನ್ಯೂಶಾಟೆಲ್ ಸರೋವರದ ದಡದ ಒಬ್ಬ ವಿಧವೆಯ ಮನೆಯಲ್ಲಿ ಸಿಕ್ಕಿತು. ಅವಳ ಗಂಡ ಅದನ್ನು ಕೊಂಡ ದಿನದಿಂದ ಸಾಯುವವರೆಗೆ ಕಟ್ಟಿಕೊಂಡಿದ್ದನಂತೆ. ಯಾರೂ ಒಮ್ಮೆಯೂ ಅದನ್ನು ಉಜ್ಜಿರಲಿಲ್ಲ. ಕವಚದ ಅಂಚುಗಳು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿದ್ದವೋ ಹಾಗೇ ಇದ್ದವು. ಎಡಬದಿಯಲ್ಲಿ ಉದ್ದಕ್ಕೆ ಒಂದು ಗೀರು. ಬಿರುಗಾಳಿಯ ದಿನ ಲಂಗರಿನ ಸರಪಳಿ ಉಜ್ಜಿ ಆದದ್ದು, ಅವತ್ತು ನಮ್ಮವರು ಬದುಕಿ ಬಂದದ್ದೇ ಹೆಚ್ಚು ಎಂದು ವಿಧವೆ ಹೇಳಿದ್ದಳು. ಆ ಗೀರಿನ ಕತೆಯನ್ನು ಬ್ಲೇಜ್ ಮನೆಯಲ್ಲಿ ಎಷ್ಟು ಸಲ ಹೇಳಿದನೆಂದರೆ, ಲೋರಿಯಾನ್ ಅದನ್ನು ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು.

ಅದನ್ನು ಅವನು ಬೀಗದೊಳಗೆ ಇಡಲಾರದೆ ಹೋದ. ಊಟ ಮಾಡುವಾಗ ಕಣ್ಣಿಗೆ ಬೀಳಲೆಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನಿಡುವ ಬಡುವಿನ ಮೇಲೆ, ಸೇಬಿನ ಬೋಗುಣಿಯ ಪಕ್ಕ ಇಟ್ಟುಕೊಂಡ. ಆ ಬಡುವಿನ ಮೇಲಿನ ಕಪಾಟಿನ ಬಾಗಿಲು ಎರಡು ಚಳಿಗಾಲದಿಂದ ಒಂದೇ ತಿರುಗಣಿಯಲ್ಲಿ ಜೋತುಬಿದ್ದಿತ್ತು.

ನವೆಂಬರಿನ ಕೊನೆಯಲ್ಲಿ ಒಂದು ಶನಿವಾರ ಬ್ಲೇಜ್ ಕೆಲಸಕ್ಕೆ ಹೋಗಿದ್ದ. ತಟ್ಟೆ ಮೇಜಿನ ಮೇಲೆ ಬಂದಿತ್ತು. ಈ ಸಲ ವಿಲ್ಲಿ ಉತ್ಸಾಹವಿಲ್ಲದೆ ಕೂತಿದ್ದ. ಬೇಸಿಗೆಯಿಂದ ಅವನ ಕೈ ನಡುಗುತ್ತಿತ್ತು. ಸೂಪು ಚಮಚದಿಂದ ಬಾಯಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲುತ್ತಿತ್ತು. ವೃದ್ಧರ ನಿಲಯದಲ್ಲಿ ಹೆಸರು ಬರೆಸಿಡುವ ಮಾತು ಮನೆಯಲ್ಲಿ ಒಮ್ಮೆ ಬಂದು ಹೋಗಿತ್ತು.

‘ಇಷ್ಟೇ ಏನೇ ಇರೋದು?’ ಎಂದ.

ಅಪ್ಪನ ಮುಖ ನೋಡಿ ಜೋಸಿಯಾನಳಿಗೆ ಏನೋ ಅನಿಸಿತು. ಬಡುವಿನ ಮೇಲಿದ್ದ ಗಡಿಯಾರವನ್ನೂ ತೆಗೆದು ತಟ್ಟೆಗೆ ಹಾಕಿದಳು. ಅವನು ಅದನ್ನು ಬೆಳಕಿಗೆ ಹಿಡಿದು, ಯಾವ ಅನಾಗರಿಕ ಇದನ್ನು ಕಟ್ಟಿಕೊಂಡಿದ್ದನೋ ಎಂದು ಗೊಣಗುತ್ತ ಮೆಟ್ಟಿಲಿಳಿದು ಹೋದ. ಮಧ್ಯಾಹ್ನವಿಡೀ ನೆಲದಡಿಯಿಂದ ಮೋಟರಿನ ಸದ್ದು ಬರುತ್ತಿತ್ತು. ಅವಳು ಆಲೂಗೆಡ್ಡೆ ಸುಲಿಯುತ್ತ ಖುಷಿಯಾಗಿಯೇ ಇದ್ದಳು. ಗೀರಿನ ಕತೆ ಅವಳೂ ಕೇಳಿದ್ದಳು. ಆದರೆ ಕತೆ ಇಷ್ಟವಾಗುವುದು ಬೇರೆ, ಗೀರೇ ಇಷ್ಟವಾಗುವುದು ಬೇರೆ ಎಂದುಕೊಂಡಿದ್ದಳು. ಅವಳು ಪಾಲಿಶ್ ಕೆಲಸದವನ ಮಗಳು.

ಸಂಜೆ ನಾಲ್ವರೂ ಮೇಜಿಗೆ ಬಂದಾಗ ಆ ಗಡಿಯಾರ ಬ್ಲೇಜ್‌ನ ತಟ್ಟೆಯೊಳಗೇ, ಮಡಿಸಿದ ಕರವಸ್ತ್ರದ ಮೇಲೆ ಕೂತಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ವಿಲ್ಲಿ ಎರಡೂ ಕೈ ಮುಂದೆ ಚಾಚಿ ತೋರಿಸಿದ. ‘ನೋಡು, ಈಗ ನಡುಗ್ತಾ ಇದೆ. ಚಕ್ರದ ಮುಂದೆ ಕೂತಾಗ ಒಂದು ಸಲಾನೂ ನಡುಗಲಿಲ್ಲ. ಹತ್ತು ವರ್ಷದಲ್ಲಿ ಇಂಥ ಕೆಲಸ ಮಾಡಿರಲಿಲ್ಲ ನಾನು.’

ಬ್ಲೇಜ್ ಗಡಿಯಾರವನ್ನು ಎತ್ತಿಕೊಂಡ. ಎಡಬದಿಗೆ ತಿರುಗಿಸಿದ. ಹೆಬ್ಬೆರಳಿಂದ ಒಮ್ಮೆ ಸವರಿದ. ಲೋರಿಯಾನ್ ಗಡಿಯಾರ ತಯಾರಿಕೆಯ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿದ್ದವಳು. ಮೇಜಿನ ಕೆಳಗೆ ಅಮ್ಮನ ಕಾಲನ್ನು ಒದ್ದಳು.

‘ಚೆನ್ನಾಗಿದೆ ಮಾವ,’ ಎಂದ ಬ್ಲೇಜ್. ಸಾಸೇಜನ್ನು ಚೂರು ಚೂರಾಗಿ ಕತ್ತರಿಸಿದ. ಒಂದು ಚೂರೂ ತಿನ್ನಲಿಲ್ಲ.

ಪಾತ್ರೆ ತೊಳೆಯುವಾಗ ಅವನು ಹೆಂಡತಿಗೆ ಹೇಳಿದ. ಕೂಗಲಿಲ್ಲ. ಸಂಗ್ರಹ ಮಾಡುವವರಿಗೆ ಬೇಕಾದದ್ದು ಉಜ್ಜದ ಕವಚ, ಉಜ್ಜಿದರೆ ಲೋಹ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ, ಜಗತ್ತಿನಲ್ಲಿ ಈ ತರಹದ್ದು ಇದ್ದದ್ದೇ ನಾಲ್ಕೋ ಐದೋ ಎಂದು, ಗಿರಾಕಿಗೆ ಹಲ್ಲಿನ ಅಳತೆ ವಿವರಿಸುವವನ ಹಾಗೆ ವಿವರಿಸಿದ. ಅವಳು ತೊಳೆಯುತ್ತಿದ್ದ ಲೋಟ ಕೈಯಲ್ಲೇ ಉಳಿಯಿತು.

‘ನಾನೇ ಹಾಕಿದ್ದು ಬ್ಲೇಜ್. ನನ್ನನ್ನ ಬೈ.’

‘ಬೈದ್ರೆ ಅಂಚು ವಾಪಸ್ ಬರತ್ತಾ?’

‘ಅಪ್ಪಂಗೆ ಹೇಳಬೇಡ ಮತ್ತೆ. ಅವರು ತಡಕೊಳ್ಳಲ್ಲ.’

‘ಹೇಳಲ್ಲ,’ ಎಂದ. ಆ ಮಾತಿಗೆ ಅವಳು ಅವನ ಭುಜಕ್ಕೆ ಹಣೆ ಆನಿಸಿ ನಿಂತಳು. ಎಷ್ಟು ಒಳ್ಳೆಯವನು ಎನಿಸಿತು.

ಮಾತು ಕೊಟ್ಟದ್ದನ್ನು ಅವನು ನಡೆಸಿಕೊಂಡ. ಅಷ್ಟೇ ಅಲ್ಲ, ಬೇರೆ ಮಾತುಗಳನ್ನೂ ನಿಲ್ಲಿಸಿದ. ಮೊದಲು ಮಾವ ಅಳಿಯ ಊಟದ ಹೊತ್ತಿಗೆ ಜಗಳವಾಡದೆ ಇರುತ್ತಿರಲಿಲ್ಲ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ, ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಕಣ್ಣು ಕಾಣದವನೋ ಹೇಗೆ, ಎಲ್ಲದಕ್ಕೂ ಒಂದು ವರಸೆ ನಡೆಯುತ್ತಿತ್ತು. ಈಗ ಬ್ಲೇಜ್ ಎಲ್ಲದಕ್ಕೂ ಹೌದು ಮಾವ ಎನ್ನತೊಡಗಿದ. ಮುದುಕನ ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿ ಕೊಟ್ಟ. ಸೂಪು ಚೆಲ್ಲಿದರೆ ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದ. ಊಟವಾದ ಮೇಲೆ ಕಪಾಟಿಗೆ ಬೀಗ ಹಾಕುವ ಸದ್ದು ಕೇಳುತ್ತಿತ್ತು. ಆ ಹೊಳೆಯುವ ಗಡಿಯಾರವೂ ಈಗ ಒಳಗೆ ಸೇರಿತ್ತು.

‘ಏನಾಗಿದೆ ಅವನಿಗೆ?’ ಎಂದು ವಿಲ್ಲಿ ಮಗಳನ್ನು ಕೇಳಿದ. ‘ನಾನೇನು ಸಾಯೋ ಹಾಗಿದೀನಾ? ಡಾಕ್ಟರು ನಿಮಗೇನಾದ್ರೂ ಹೇಳಿದಾರಾ?’

ಏನಿಲ್ಲ, ಅವರಿಗೆ ಕೆಲಸ ಜಾಸ್ತಿ ಎಂದು ಅವಳು ಸಾಗಹಾಕಿದಳು.

ಲೋರಿಯಾನ್‌ಗೆ ಈ ನಾಟಕ ಸಹಿಸಲಾಗಲಿಲ್ಲ. ತಾತನಿಗೆ ಹೇಳಿಬಿಡಿ ಎಂದು ಅಮ್ಮನ ಹಿಂದೆ ಬಿದ್ದಳು. ಮುದುಕರಿಗೆ ಯಾಕೆ ನೋವು ಕೊಡಬೇಕು ಎಂದು ಜೋಸಿಯಾನ್ ಕೇಳಿದರೆ, ಈಗ ಕೊಡ್ತಿರೋದು ಏನು, ಮಿಠಾಯಿನಾ ಎಂದು ತಿರುಗಿ ಕೇಳಿದಳು. ಅಪ್ಪ ಬೆಣ್ಣೆ ಸವರೋದು ನೋಡಿದ್ರೆ ನಂಗೇ ಅವಮಾನ ಆಗತ್ತೆ ಎಂದಳು. ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡು ಎಂದು ಜೋಸಿಯಾನ್ ಅಂಗಿಗಳ ರಾಶಿಯನ್ನು ಅವಳ ಕಡೆ ತಳ್ಳಿದಳು.

ಡಿಸೆಂಬರಿನ ಒಂದು ಭಾನುವಾರ ಪಕ್ಕದ ಊರು ಬೀಲ್‌ನಿಂದ ಗೀಗರ್ ಬಂದ. ಬ್ಲೇಜ್‌ನ ಹಾಗೆ ಅವನಿಗೂ ಇದೇ ಹುಚ್ಚು. ಗಡಿಯಾರ ನೋಡಲು ಬರುತ್ತೇನೆಂದಾಗಲೆಲ್ಲ ಬ್ಲೇಜ್ ನೆಗಡಿಯ ನೆಪವನ್ನೋ ಕೆಲಸದ ನೆಪವನ್ನೋ ಹೇಳಿ ತಪ್ಪಿಸಿದ್ದ. ಈ ಸಲ ಗೀಗರ್, ಇವತ್ತು ಈ ಕಡೆ ಬಂದಿದ್ದೆ ಎಂದು ಚಾಕಲೇಟ್ ಡಬ್ಬ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಊಟದ ಹೊತ್ತಾಗಿತ್ತು. ಒಳಗೆ ಕರೆಯದೆ ವಿಧಿ ಇರಲಿಲ್ಲ. ಜೋಸಿಯಾನ್ ಇನ್ನೊಂದು ತಟ್ಟೆ ಇಟ್ಟು, ವಿನೆಗರಿನಲ್ಲಿ ನೆನೆಸಿದ ಈರುಳ್ಳಿಯ ಬಟ್ಟಲನ್ನು ಮುಂದೆ ಸರಿಸಿದಳು.

ಬ್ಲೇಜ್ ಹವಾಮಾನದ ಬಗ್ಗೆ ಮಾತಾಡಿದ. ರೈಲುಗಳ ಬಗ್ಗೆ ಮಾತಾಡಿದ. ಕೊನೆಗೆ ತಾಳ್ಮೆ ಕೆಟ್ಟವನು ವಿಲ್ಲಿಯೇ.

‘ಗಡಿಯಾರ ತೋರ್ಸೋ. ಅವರು ಅದನ್ನ ನೋಡೋಕೆ ತಾನೇ ಬಂದಿರೋದು. ನನ್ನ ಕೆಲಸ ನೋಡ್ಲಿ.’

‘ಆಮೇಲೆ ತೋರಿಸ್ತೀನಿ ಮಾವ. ಊಟ ಆಗ್ಲಿ.’

‘ಬೀಗದ ಕೈ ಎಲ್ಲಿದೆ ಅಂತ ನಂಗೊತ್ತು,’ ಎಂದು ಮುದುಕ ಎದ್ದೇಬಿಟ್ಟ. ಯಾರೂ ತಡೆಯುವ ಮೊದಲೇ ಒಳಗೆ ಹೋಗಿ, ಕರವಸ್ತ್ರದಲ್ಲಿ ಗಡಿಯಾರ ಹಿಡಿದು ತಂದು ಗೀಗರ್‌ನ ಮುಂದಿಟ್ಟ.

ಗೀಗರ್ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡ. ಒಂದು ಬದಿ ನೋಡಿದ. ಇನ್ನೊಂದು ಬದಿ ನೋಡಿದ. ಭೂತಗನ್ನಡಿ ತೆಗೆದು ಬ್ಲೇಜ್‌ನ ಮುಖ ನೋಡಿದ.

‘ಅಯ್ಯೋ, ಯಾವ ಕಟುಕ ಮಾಡಿದ್ದು ಇದನ್ನ?’

ಅವನು ಬರ್ನ್ ಕಡೆಯವನು, ಮನೆಮಾತು ಜರ್ಮನ್. ಅವನ ಫ್ರೆಂಚ್ ಯಾವಾಗಲೂ ಸ್ವಲ್ಪ ಒರಟು. ಆದರೆ ಈ ಮಾತು ಸ್ಪಷ್ಟವಾಗಿಯೇ ಇತ್ತು. ಲೋರಿಯಾನ್ ಚಮಚ ಕೆಳಗಿಟ್ಟಳು. ವಿಲ್ಲಿ ನಿಂತೇ ಇದ್ದ.

‘ನಾನು,’ ಎಂದ.

ಗೀಗರ್ ಕೆಂಪಾದ. ಕ್ಷಮೆ ಕೇಳಿದ. ತಾನು ಹೇಳಿದ್ದು ಹಾಗಲ್ಲ, ಕೆಲಸವೇನೋ ಬಹಳ ನಾಜೂಕು, ಆದರೆ ಇಂಥ ಗಡಿಯಾರವನ್ನು ಉಜ್ಜುವುದಿಲ್ಲ, ಉಜ್ಜಿದರೆ ಅದು ಇಂಥ ಗಡಿಯಾರವಾಗಿ ಉಳಿಯುವುದಿಲ್ಲ ಎಂದು ತಡವರಿಸಿದ. ಬ್ಲೇಜ್‌ಗೆ ಗೊತ್ತೇ ಇದೆಯಲ್ಲ ಎಂದೂ ಸೇರಿಸಿದ. ಅದನ್ನು ಸೇರಿಸಬಾರದಿತ್ತು.

ವಿಲ್ಲಿ ಭೂತಗನ್ನಡಿಗೆ ಕೈ ಚಾಚಿದ. ಕಣ್ಣಿಗಿಟ್ಟುಕೊಂಡು ಅಂಚುಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಅಳಿಯನ ಕಡೆ ತಿರುಗಿ, ನಿಂಗೆ ಗೊತ್ತಿತ್ತಾ ಎಂದು ಕೇಳಿದ. ಬ್ಲೇಜ್ ತಲೆ ತಗ್ಗಿಸಿದ. ಮುದುಕ ಮಗಳ ಕಡೆ ತಿರುಗಿದ. ಅವಳೂ ತಲೆ ತಗ್ಗಿಸಿದಳು. ಮೊಮ್ಮಗಳು ಮಾತ್ರ ಅವನ ಕಣ್ಣನ್ನೇ ನೋಡಿ, ಗೊತ್ತಿತ್ತು ತಾತ ಎಂದಳು.

ಅವನು ಭೂತಗನ್ನಡಿಯನ್ನು ಒರೆಸಿ ಗೀಗರ್‌ಗೆ ಕೊಟ್ಟು, ಊಟ ಮಾಡಿ ಎಂದು ಹೇಳಿ, ನೆಲಮಾಳಿಗೆಗೆ ಇಳಿದು ಹೋದ.

ಅಂದಿನಿಂದ ಅವನು ಮೇಜಿಗೆ ಬರಲಿಲ್ಲ. ಜೋಸಿಯಾನ್ ಊಟವನ್ನು ಅವನ ಕೋಣೆಗೆ ಒಯ್ದರೆ ಅವನು ನೆಲಮಾಳಿಗೆಯಲ್ಲಿರುತ್ತಿದ್ದ. ನೆಲಮಾಳಿಗೆಗೆ ಒಯ್ದರೆ ಅಲ್ಲಿಡು ಎಂದು ಬೆಂಚು ತೋರಿಸುತ್ತಿದ್ದ. ಮೋಟರಿನ ಸದ್ದು ಮಾತ್ರ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನೇ ಮೇಲೆ ಬಂದು, ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ನಿಂತು, ವೃದ್ಧರ ನಿಲಯಕ್ಕೆ ಫೋನ್ ಮಾಡು ಎಂದ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂದ. ಅವಳು ಅತ್ತಳು. ಅಳೋದಾದರೆ ಫೋನ್ ಮಾಡಿ ಅಳು ಎಂದ.

ಅವಳು ಫೋನ್ ಮಾಡಿದಳು. ಹೊಸ ವರ್ಷದ ಹೊತ್ತಿಗೆ ಒಂದು ಕೋಣೆ ಖಾಲಿಯಾಗಬಹುದು ಎಂದರು. ಗಂಡನಿಗೂ ಫೋನ್ ಮಾಡಿ ಹೇಳಿದಳು. ಆ ಕಡೆ ಕಟ್ಟುಹಲ್ಲು ತೀಡುವ ಯಂತ್ರದ ಸದ್ದು ನಿಂತಿತು.

ಅವತ್ತು ಕಟ್ಟಡದವರೆಲ್ಲ ಹಂಚಿಕೊಳ್ಳುವ ಬಟ್ಟೆ ಒಗೆಯುವ ಕೋಣೆ ಅವರ ಸರದಿಗೆ ಬಂದಿತ್ತು. ಜೋಸಿಯಾನ್ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದಾಗ ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಕೇಳಿಸಿತು. ಮಧ್ಯಾಹ್ನದ ಊಟಕ್ಕೂ ಮನೆಗೆ ಬಾರದವನು ನೇರವಾಗಿ ಅವಳ ಅಪ್ಪ ಕೆಲಸ ಮಾಡುವ ಕೋಣೆಯ ಬಾಗಿಲಿಗೆ ಹೋದ. ನಡುವೆ ಹಲಗೆಯ ಗೋಡೆ ಮಾತ್ರ ಇತ್ತು.

ಮೊದಲು ಬ್ಲೇಜ್‌ನ ಮೆದು ದನಿ. ಹೋಗಬೇಡಿ ಮಾವ, ಒಂದು ಗಡಿಯಾರ ತಾನೆ, ಹೋದರೆ ಹೋಯಿತು, ನನಗೇನೂ ಬೇಜಾರಿಲ್ಲ ಎಂದು ಹೇಳಿದ.

‘ಸುಳ್ಳು,’ ಎಂದ ವಿಲ್ಲಿ.

‘ನಿಜವಾಗ್ಲೂ ಬೇಜಾರಿಲ್ಲ ನಂಗೆ.’

‘ಬ್ಲೇಜ್, ಕಾರ್ಖಾನೇಲಿ ನಾನು ಕವಚ ಕೆಡಿಸಿದ್ರೆ ಮೇಸ್ತ್ರಿ ಅದನ್ನ ಎಲ್ಲರೆದುರು ನನ್ನ ಬೆಂಚಿನ ಮೇಲೆ ತಂದಿಟ್ಟು ಬೈತಿದ್ದ. ಕತ್ತೆ ಅಂತಿದ್ದ. ಸಂಜೆ ಅವನ ಜೊತೆಗೇ ಕೂತು ಬಿಯರ್ ಕುಡೀತಿದ್ದೆ. ಯಾಕೆ ಗೊತ್ತಾ? ಕೆಲಸ ಬಲ್ಲೋನಿಗೆ ಬೈತಾರೆ. ಹಾಸಿಗೇಲಿ ಉಚ್ಚೆ ಹೊಯ್ಯೋ ಮಗೂಗೆ ಚೆನ್ನಾಗಿದೆ ಅಂತಾರೆ. ನೀನು ಚೆನ್ನಾಗಿದೆ ಅಂದೆ. ಆಮೇಲೆ ಬೆಣ್ಣೆ ಸವರಿ ಕೊಟ್ಟೆ. ಇಷ್ಟು ದಿನ ನಿಮ್ಮೆಲ್ಲರ ಮುಂದೆ ನನ್ನ ಕೆಲಸ ನಾನೇ ಹೊಗಳ್ಕೊಂಡು ಓಡಾಡಿದೀನಿ. ನಿಲಯಕ್ಕೆ ಹೋದ್ರೂ ಬೆಣ್ಣೆ ಸವರ್ತಾರೆ. ಅವರಿಗೆ ಅದಕ್ಕೆ ಸಂಬಳ ಇದೆ.’

ಜೋಸಿಯಾನ್ ಒದ್ದೆ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತಳು. ಅಂಗಿಯೆಲ್ಲ ನೆನೆಯಿತು.

ಆಮೇಲೆ ಬ್ಲೇಜ್ ಕೂಗಿದ. ಇಷ್ಟು ವರ್ಷಗಳಲ್ಲಿ ಅವನು ಕೂಗಿದ್ದನ್ನು ಅವಳು ಕೇಳಿರಲಿಲ್ಲ.

‘ಹಾಳು ಮಾಡಿಬಿಟ್ರಿ. ಎಷ್ಟು ವರ್ಷ ಹುಡುಕಿದೀನಿ ಅದನ್ನ. ಒಂದು ಮಾತು ಕೇಳಬಹುದಿತ್ತಲ್ಲ? ಅದು ಕೊಳೆ ಅಲ್ಲ ಮಾವ, ಒಬ್ಬ ಮನುಷ್ಯ ಬದುಕಿ ಬಂದ ಗುರುತು ಅದು. ಒರೆಸಿ ಹಾಕಿಬಿಟ್ರಿ. ಬೇರೆಯವರ ವಸ್ತು ಮುಟ್ಟೋ ಮುಂಚೆ ಕೇಳಬೇಕು ಅಂತ ನಿಮ್ಮ ಮೇಸ್ತ್ರಿ ಹೇಳಿಕೊಡ್ಲಿಲ್ವಾ? ಕತ್ತೆ ನೀವು.’

‘ಕೇಳಬೇಕಿತ್ತು,’ ಎಂದ ವಿಲ್ಲಿ. ‘ಇನ್ನೂ ಇದೆಯಾ?’

‘ಇದೆ.’

‘ಹೇಳು.’

‘ಕೆಲಸ ಚೆನ್ನಾಗಿಲ್ಲ ಅನ್ನೋಕೂ ಆಗ್ತಿಲ್ಲ. ಅದೇ ಎಲ್ಲಕ್ಕಿಂತ ಸಿಟ್ಟು.’

ಮುದುಕ ನಕ್ಕನೋ ಕೆಮ್ಮಿದನೋ ಗೋಡೆಯಾಚೆಯಿಂದ ತಿಳಿಯಲಿಲ್ಲ. ಕುರ್ಚಿ ಎಳೆದ ಸದ್ದಾಯಿತು. ನೀನು ಮಾಡಿಕೊಟ್ಟ ಹಲ್ಲು ಮೇಲಿನ ಸಾಲಲ್ಲಿ ಒತ್ತುತ್ತೆ, ನಾನೂ ನಿಂಗೆ ಇಷ್ಟು ದಿನ ಹೇಳಿರಲಿಲ್ಲ ಎಂದ. ಎಲ್ಲಿ ಎಂದು ಬ್ಲೇಜ್ ಕೇಳಿದ. ಬಾಯಿ ತೆರೆಸಿ ನೋಡಿದನೆಂದು ಕಾಣುತ್ತದೆ. ಮುಂದಿನ ಮಾತುಗಳು ಅವಳಿಗೆ ಅರ್ಥವಾಗಲಿಲ್ಲ.

ಅಂದು ಸಂಜೆ ವಿಲ್ಲಿ ಮೇಜಿಗೆ ಬಂದ. ಸೂಪು ಚೆಲ್ಲಿದಾಗ ಬ್ಲೇಜ್ ನೋಡಿದ, ಮತ್ತು ಒರೆಸುವ ಬಟ್ಟೆ ಎತ್ತಿ ಅವನ ಕಡೆ ಎಸೆದ. ಒರೆಸ್ಕೊಳ್ಳಿ, ನನ್ನ ತಟ್ಟೆವರೆಗೂ ಬರ್ತಿದೆ ಎಂದ.

ಜನವರಿಯಲ್ಲಿ ನಿಲಯದವರು ಫೋನ್ ಮಾಡಿ ಕೋಣೆ ಸಿದ್ಧವಿದೆ ಎಂದರು. ಹಿಂದಿನ ಜೋಸಿಯಾನ್ ಆಗಿದ್ದರೆ ಗಂಡನ ಹತ್ತಿರ ಗುಟ್ಟಾಗಿ ಮಾತಾಡಿ ಏನೋ ಒಂದು ಉತ್ತರ ಕೊಟ್ಟುಬಿಡುತ್ತಿದ್ದಳು. ಈಗ ಎಲ್ಲರೂ ಕೂತಿದ್ದಾಗ ಅಪ್ಪನನ್ನೇ ಕೇಳಿದಳು.

‘ಅಲ್ಲಿ ನೆಲಮಾಳಿಗೆ ಇದ್ಯಾ?’ ಎಂದ ವಿಲ್ಲಿ.

‘ಇದೆ. ಆದ್ರೆ ಅವರ ಸಾಮಾನು ಇಡ್ತಾರೆ.’

‘ಹಾಗಾದ್ರೆ ಈ ಸಲ ಬೇರೆಯವರಿಗೆ ಕೊಡ್ಲಿ. ಹೆಸರು ತೆಗೆಸಬೇಡ. ಕೈ ಇದೇ ಥರ ಇರಲ್ಲ.’

ಯಾರೂ ಹಾಗೆಲ್ಲ ಮಾತಾಡಬೇಡಿ ಎನ್ನಲಿಲ್ಲ. ಜೋಸಿಯಾನ್ ಹಾಗೇ ಹೇಳಿದಳು ನಿಲಯದವರಿಗೆ.

ಆ ಹೊತ್ತಿಗೆ ಬ್ಲೇಜ್ ಹಾಯಿದೋಣಿಯ ಗಡಿಯಾರವನ್ನು ಕಪಾಟಿನಿಂದ ತೆಗೆದು ಕೈಗೆ ಕಟ್ಟಿಕೊಂಡಿದ್ದ. ಸಂಗ್ರಹಕ್ಕಂತೂ ಬರುವುದಿಲ್ಲ, ಗಂಟೆಯಾದರೂ ತೋರಿಸಲಿ ಎಂದಿದ್ದ. ಅದನ್ನು ಕಟ್ಟಿಕೊಂಡೇ ಹಲ್ಲು ಅಚ್ಚುಹಾಕಿದ, ಬ್ರೆಡ್ಡು ಕೊಯ್ದ, ಒಂದು ಭಾನುವಾರ ಬಡುವಿನ ಮೇಲಿನ ಬಾಗಿಲಿಗೆ ಹೊಸ ತಿರುಗಣಿ ಹಾಕಿದ.

ಹಿಮ ವಿಪರೀತ ಬಿದ್ದ ಒಂದು ಶನಿವಾರ ಬ್ಲೇಜ್ ಕಾರು ಹೊರತೆಗೆಯಲು ಅರ್ಧ ದಿನ ಸಲಿಕೆ ಹಿಡಿದು ಹಿಮ ಎತ್ತಿ ಬಂದು ಊಟಕ್ಕೆ ಕೂತ. ಆಲೂಗೆಡ್ಡೆಗೆ ಕೈ ಚಾಚಿದಾಗ ವಿಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡ.

‘ಇದೇನು?’

‘ಗ್ಯಾರೇಜಿನ ಬಾಗಿಲು.’

ಗಡಿಯಾರದ ಕೆಳಗಿನ ಅಂಚಿನಲ್ಲಿ ಒರಟಾದ, ಬೆಳ್ಳಗಿನ ಗೀರು. ಕನ್ನಡಿಯಂಥ ಹೊಳಪಿನ ನಡುವೆ ಅದು ಇನ್ನಷ್ಟು ಎದ್ದು ಕಾಣುತ್ತಿತ್ತು. ವಿಲ್ಲಿ ಉಗುರಿಂದ ಮುಟ್ಟಿ ನೋಡಿದ. ಅಷ್ಟೇನೂ ಆಳವಿಲ್ಲ ಎಂದ. ಆಮೇಲೆ ಕೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಟ್ಟ. ಅದು ನಡುಗುತ್ತಿತ್ತು.

‘ಕೊಡ್ತೀಯಾ?’

ಜೋಸಿಯಾನ್ ಸಾಸೇಜಿನ ತಟ್ಟೆ ಹಿಡಿದು ನಿಂತಿದ್ದಳು. ಕೊಡು ಎಂದು ಗಂಡನಿಗೆ ಕಣ್ಣಲ್ಲೇ ಹೇಳಬೇಕೆನಿಸಿತು. ಹೇಳಲಿಲ್ಲ. ತಟ್ಟೆಯ ಕಡೆಗೇ ನೋಡುತ್ತ ನಿಂತಳು.

‘ಇಲ್ಲ ಮಾವ,’ ಎಂದ ಬ್ಲೇಜ್.

‘ಒಂದು ಗಂಟೆ ಕೆಲಸ.’

‘ಇರಲಿ. ಇದು ನನ್ನದು.’

ವಿಲ್ಲಿ ಅವನ ಮುಖವನ್ನೇ ನೋಡಿದ. ಆಮೇಲೆ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ತನ್ನ ಬ್ರೆಡ್ಡಿಗೆ ತಾನೇ, ಅಲ್ಲಲ್ಲಿ ತುಣುಕು ಬೀಳಿಸುತ್ತ, ಬೆಣ್ಣೆ ಸವರತೊಡಗಿದ.

‘ಕೊಳಕಾಗಿ ಕಾಣತ್ತೆ,’ ಎಂದ.

‘ಕಾಣಲಿ.’

‘ಹೇಳಿದೀನಿ ನಾನು.’

‘ಕೇಳಿಸ್ಕೊಂಡೆ,’ ಎಂದ ಬ್ಲೇಜ್. ‘ಉಪ್ಪು ಈ ಕಡೆ ದಾಟಿಸಿ.’